ತಾರಸಿ ಸೋರುವ ಮುಂಚಿನ ಮಾತು

ಮೈಸೂರಿನಲ್ಲಿ ಇಬ್ಬರು ನೆರೆಯವರು ಕಾಂಪೌಂಡ್ ಗೋಡೆಗೆ ಮೊಣಕೈ ಊರಿ ನಿಂತರೆ ಮೊದಲು ತರಕಾರಿ ರೇಟು, ಆಮೇಲೆ ಕಾವೇರಿ ನೀರು ಬಿಡುವ ಹೊತ್ತು, ಅಲ್ಲಿಂದ ಮಾತು ತಾನಾಗಿಯೇ ದೇವರಾಜ ಮಾರುಕಟ್ಟೆಗೆ ಹೋಗಿ ನಿಲ್ಲುತ್ತದೆ. ಕೆಡವಬೇಕೋ, ಉಳಿಸಬೇಕೋ? ಈ ಪ್ರಶ್ನೆಗೆ ಉತ್ತರ ಇಟ್ಟುಕೊಳ್ಳದವರು ಊರಿನಲ್ಲಿ ಯಾರೂ ಇಲ್ಲ. ಆಟೋದವರು ಒಂದು ಹೇಳುತ್ತಾರೆ, ಹೂವಿನವರು ಇನ್ನೊಂದು. ಬೆಂಗಳೂರಿನಿಂದ ಭಾನುವಾರಕ್ಕೆ ಬಂದು ಹೋಗುವ ಮಕ್ಕಳು ಮತ್ತೊಂದು ಹೇಳಿ ಕಾರು ಹತ್ತುತ್ತಾರೆ.

ನಮ್ಮ ಪಕ್ಕದ ಮನೆಯ ರಾಯರು ಸರ್ಕಾರಿ ಎಂಜಿನಿಯರಾಗಿದ್ದು ನಿವೃತ್ತರಾದವರು. ಯಾವ ತೊಲೆ ಎಷ್ಟು ಭಾರ ಹೊರುತ್ತದೆ ಅನ್ನುವುದು ಅವರಿಗೆ ಅಂಗೈ ನೆಲ್ಲಿಕಾಯಿ. ನಾನು ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿದವಳು, ಹಾಗಾಗಿ ಅವರ ಬಾಯಲ್ಲಿ ಇಂದಿಗೂ ಟೀಚರಮ್ಮ. ಅವರ ಮನೆಯಾಕೆ ನನಗೆ ಅಕ್ಕ. ನಮ್ಮ ನಡುವೆ ಇರುವುದು ಎದೆಮಟ್ಟದ ಗೋಡೆ, ಅದರ ಮೇಲೆ ಅವರ ಕಡೆ ಬೇರಿಟ್ಟು ನಮ್ಮ ಕಡೆ ಹೂ ಬಿಡುವ ಶಂಖಪುಷ್ಪದ ಬಳ್ಳಿ. ಚಾಮರಾಜಪುರಂನ ಈ ಗೋಡೆಯ ಮೇಲೆ ನಾವು ಮೈಸೂರನ್ನು ಎಷ್ಟು ಸಲ ಕೆಡವಿ ಕಟ್ಟಿದ್ದೇವೋ ಲೆಕ್ಕ ಇಟ್ಟವರಿಲ್ಲ.

ರಾಯರ ವಾದ ಸುಲಭಕ್ಕೆ ತಳ್ಳಿಹಾಕುವಂಥದಲ್ಲ. "ಟೀಚರಮ್ಮ, 2012ರ ಆಗಸ್ಟ್ 25ನ್ನ ಮರೆತುಬಿಟ್ರಾ? ಲ್ಯಾನ್ಸ್‌ಡೌನ್ ಕಟ್ಟಡ ಕುಸಿದು ನಾಲ್ಕು ಜನ ಹೋದ್ರು. ಅವರು ಬಂದದ್ದು ವ್ಯಾಪಾರಕ್ಕೆ. ಪರಂಪರೆ ಅಂತ ನಾವಿಲ್ಲಿ ಮಾತಾಡ್ತೀವಲ್ಲ, ಅವರ ಮನೆಯವರ ಮುಂದೆ ನಿಂತು ಇದೇ ಮಾತು ಆಡೋಕಾಗುತ್ತಾ?"

ಮರೆಯುವುದು ಹೇಗೆ? 1892ರಲ್ಲಿ ವೈಸ್‌ರಾಯ್ ಲ್ಯಾನ್ಸ್‌ಡೌನ್ ಭೇಟಿಯ ನೆನಪಿಗೆಂದು ಕಟ್ಟಿದ ಆ ಸಾಲುಮಳಿಗೆಯಲ್ಲೇ ನನ್ನ ವಿದ್ಯಾರ್ಥಿಗಳ ಅರ್ಧ ಓದು ನಡೆದದ್ದು. ಹಳೇ ಪುಸ್ತಕದ ಅಂಗಡಿಗಳು ಅಲ್ಲಿದ್ದವು. ಹೋದ ವರ್ಷದವರು ಓದಿ ಮಾರಿದ ಪಠ್ಯಪುಸ್ತಕ ಅರ್ಧ ಬೆಲೆಗೆ ಸಿಗುತ್ತಿತ್ತು. ಹಿಂದಿನವರು ಪೆನ್ಸಿಲ್ಲಿನಲ್ಲಿ ಗೆರೆ ಎಳೆದದ್ದು, ಅಂಚಿನಲ್ಲಿ ಉತ್ತರ ಬರೆದದ್ದು ಎಲ್ಲ ಪುಕ್ಕಟೆ. ಕಟ್ಟಡ ಕುಸಿದ ಮೇಲೆ ಆ ಅಂಗಡಿಗಳು ಚದುರಿದವು. ಅಷ್ಟು ಪುಸ್ತಕ ಒಂದೇ ಕಡೆ ಸಿಗುವ ಸಾಲು ಊರಿನಲ್ಲಿ ಮತ್ತೆ ಆಗಲಿಲ್ಲ.

ನಾಲ್ಕು ವರ್ಷ ಕಳೆದು, 2016ರ ಆಗಸ್ಟ್ 28ರ ಭಾನುವಾರ, ದೇವರಾಜ ಮಾರುಕಟ್ಟೆಯ ಉತ್ತರದ ಬದಿ ಬಿತ್ತು. ಅದೂ ದುರಸ್ತಿ ನಡೆಯುತ್ತಿದ್ದಾಗಲೇ. 2022ರ ಅಕ್ಟೋಬರಿನಲ್ಲಿ ಮಹಾರಾಣಿ ವಿಜ್ಞಾನ ಕಾಲೇಜಿನ ಹಳೇ ಕಟ್ಟಡದ ಒಂದು ಭಾಗ ಹೋಯಿತು. ರಾಯರು ಈ ಮೂರನ್ನೂ ಬೆರಳು ಮಡಿಸಿ ಎಣಿಸುತ್ತಾರೆ. "ವಯಸ್ಸಾಯ್ತಮ್ಮ. ಎಲ್ಲಕ್ಕೂ ಒಂದು ಆಯಸ್ಸು ಅಂತ ಇರುತ್ತೆ."

ನಾನು ಅದೇ ಮೂರನ್ನು ಬೇರೆ ಥರ ಎಣಿಸುತ್ತೇನೆ. ಆಗಸ್ಟ್, ಆಗಸ್ಟ್, ಅಕ್ಟೋಬರ್. ಮಾರ್ಚಿನಲ್ಲಿ ಯಾವುದೂ ಬೀಳಲಿಲ್ಲ, ಏಪ್ರಿಲಿನಲ್ಲೂ ಇಲ್ಲ. ವಯಸ್ಸೇ ಕೊಲ್ಲುವುದಾದರೆ ಅದಕ್ಕೆ ತಿಂಗಳಿನ ಹಂಗು ಯಾಕೆ ಬೇಕು? ಹಳೇ ಕಟ್ಟಡವನ್ನು ತಿನ್ನುವುದು ನೀರು. ಆ ನೀರು ಹೋಗಬೇಕಾದ ದಾರಿಯಲ್ಲಿ ಹೋಗುತ್ತಿದೆಯೇ ಅಂತ ಮುಂಗಾರಿಗೆ ಮುಂಚೆ ಒಬ್ಬರು ಏಣಿ ಹಾಕಿ ಹತ್ತಿ ನೋಡಬೇಕು. ಆ ಒಬ್ಬರು ಯಾರು ಅನ್ನುವುದು ಈ ಊರಿನಲ್ಲಿ ತೀರ್ಮಾನವಾಗಿಲ್ಲ.

ಇದನ್ನು ನಾನು ರಾಯರಿಗೆ ಹೇಳಿಕೊಡಬೇಕಾಗಿಲ್ಲ, ಅವರೇ ನನಗೆ ಹೇಳಿಕೊಟ್ಟದ್ದು. ಅವರ ಮನೆ ಮದ್ರಾಸ್ ತಾರಸಿಯದು. ತೇಗದ ತೊಲೆ, ಅದರ ಮೇಲೆ ಅಡ್ಡಡ್ಡ ಜಂತಿ, ಜಂತಿಯ ಮೇಲೆ ಮಗ್ಗುಲಾಗಿ ನಿಲ್ಲಿಸಿದ ಸಣ್ಣ ಇಟ್ಟಿಗೆ, ಅದರ ಮೇಲೆ ಸುಣ್ಣದ ಗಾರೆ. ಕಬ್ಬಿಣವೂ ಇಲ್ಲ, ಸಿಮೆಂಟೂ ಇಲ್ಲ. ಹೋದ ಮಳೆಗಾಲ ಮುಗಿದ ಮೇಲೆ ಅವರು ನನ್ನನ್ನು ಮೇಲಕ್ಕೆ ಕರೆದುಕೊಂಡು ಹೋಗಿ ತೋರಿಸಿದರು. ತಾರಸಿಯ ಮೂಲೆಯಲ್ಲಿ ಮಳೆನೀರು ಇಳಿಯುವ ತೂತಿಗೆ ಹೊಂಗೆ ಎಲೆ ಒತ್ತಿಕೊಂಡು ಕೂತಿತ್ತು. ಪಕ್ಕದ ಪ್ಯಾರಾಪೆಟ್ಟಿನ ಬಿರುಕಿನಲ್ಲಿ ಒಂದು ಗೇಣು ಎತ್ತರದ ಅರಳಿ ಸಸಿ, ಎರಡೇ ಎರಡು ಎಲೆ. ಕಿತ್ತರೆ ಮೇಲಿನ ಕಾಂಡ ಮಾತ್ರ ಕೈಗೆ ಬಂತು, ಬೇರು ಗೋಡೆಯೊಳಗೇ ಉಳಿಯಿತು. ಕೆಳಗಿಳಿದು ಬಂದು ಅದೇ ಮೂಲೆಯ ಕೆಳಗೆ, ಹಾಲಿನಲ್ಲಿ, ಕುರ್ಚಿ ಹತ್ತಿ ತೊಲೆಯ ತುದಿಗೆ ಸ್ಕ್ರೂಡ್ರೈವರ್ ಚುಚ್ಚಿದರು. ತೊಲೆಯ ನಡು ಭಾಗ ಕಲ್ಲಿನ ಹಾಗೆ ಗಟ್ಟಿ. ಗೋಡೆಯೊಳಗೆ ಹೋಗುವ ಒಂದು ಅಡಿಯಲ್ಲಿ ಮಾತ್ರ ಸ್ಕ್ರೂಡ್ರೈವರ್ ಹಿಡಿಯ ತನಕ ಒಳಗೆ ಹೋಯಿತು. ಹೊರಕ್ಕೆ ಎಳೆದಾಗ ಕಾಫಿಪುಡಿಯಂಥ ಹೊಟ್ಟು ಉದುರಿತು.

"ಇಷ್ಟೇ ನೋಡಿ," ಅಂದರು ರಾಯರು. "ಎಲೆ ತೆಗೆಯೋಕೆ ಐದು ನಿಮಿಷ. ತೆಗೀಲಿಲ್ಲ ಅಂದ್ರೆ ಹತ್ತು ವರ್ಷದಲ್ಲಿ ತೊಲೆ."

ಇದರ ಜೊತೆಗೆ ಇನ್ನೊಂದು ಸಂಕಟವಿದೆ. ಸುಣ್ಣದ ಗೋಡೆ ತೇವ ಹೀರುತ್ತದೆ, ಬಿಸಿಲು ಬಂದಾಗ ಬಿಡುತ್ತದೆ. ಅದರ ಮೈಮೇಲೆ ಸಿಮೆಂಟಿನ ಗಿಲಾವು ಮಾಡಿದರೆ ಒಳಗೆ ಸೇರಿದ ನೀರಿಗೆ ಹೊರದಾರಿ ಇರುವುದಿಲ್ಲ. ಹೊರಗಿನಿಂದ ಗೋಡೆ ಹೊಸದಾಗಿ ಹೊಳೆಯುತ್ತದೆ, ಒಳಗೆ ಇಟ್ಟಿಗೆ ಮಣ್ಣಾಗುತ್ತದೆ, ಕೊನೆಗೊಂದು ದಿನ ಗಿಲಾವು ಹಪ್ಪಳದಂತೆ ಎದ್ದು ಬರುತ್ತದೆ. ಹಿಂದೆ ಗಾರೆ ಅರೆಯುವುದಕ್ಕೆ ಎತ್ತು ಕಟ್ಟಿದ ಗಾಣವೇ ಇರುತ್ತಿತ್ತು. ಸುಣ್ಣ, ಮರಳಿನ ಜೊತೆ ಬೆಲ್ಲದ ನೀರು, ಅಳಲೆಕಾಯಿಯ ರಸ ಸೇರಿಸಿ ದಿನಗಟ್ಟಲೆ ಕೊಳೆಸಿ ಅರೆಯುತ್ತಿದ್ದರು. ಆ ಕೆಲಸ ಬಲ್ಲ ಕೈಗಳು ಈಗ ಬಲು ಕಡಿಮೆ. ಟೆಂಡರಿನಲ್ಲಿ ಕಡಿಮೆ ದರ ಬರೆದವರಿಗೆ ಕೆಲಸ ಹೋಗುತ್ತದೆ, ಅವರ ಹುಡುಗರಿಗೆ ಗೊತ್ತಿರುವುದು ಸಿಮೆಂಟು ಚೀಲ ಒಡೆಯುವುದು. ಇದರಲ್ಲಿ ಆ ಹುಡುಗರ ತಪ್ಪೇನಿದೆ? ಅವರಿಗೆ ಯಾರೂ ಕಲಿಸಲಿಲ್ಲ. ಇಷ್ಟೊಂದು ಹಳೇ ಕಟ್ಟಡ ಇಟ್ಟುಕೊಂಡಿರುವ ಊರು ಗಾರೆ ಕೆಲಸ ಕಲಿಸುವುದಕ್ಕೆ ಒಂದು ಶಾಲೆ ತೆರೆಯಬಹುದಿತ್ತು. ಐಟಿಐಗಳಲ್ಲಿ ಅದಕ್ಕೊಂದು ತರಗತಿ ಮಾಡಿದರೆ ಸೇರುವ ಮಕ್ಕಳಿದ್ದಾರೆ, ನಾನು ಅಂಥ ಮಕ್ಕಳಿಗೆ ಪಾಠ ಹೇಳಿದ್ದೇನೆ.

ರಾಯರಿಗೆ ಇಷ್ಟಕ್ಕೆ ಸಮಾಧಾನವಿಲ್ಲ. ಅವರ ಎರಡನೇ ಅಸ್ತ್ರ ಅರಮನೆ. "ನೀವೇ ಪಾಠ ಮಾಡಿದ್ದೀರಲ್ಲ. ಮರದ ಅರಮನೆ 1897ರಲ್ಲಿ, ಜಯಲಕ್ಷಮ್ಮಣ್ಣಿಯವರ ಮದುವೆ ಸಮಯದಲ್ಲಿ ಸುಟ್ಟುಹೋಯ್ತು. ವಾಣಿವಿಲಾಸ ಸನ್ನಿಧಾನದವರು ಅದೇ ಮರದ ಅರಮನೆ ಮತ್ತೆ ಬೇಕು ಅಂದ್ರಾ? ಇರ್ವಿನ್ ಸಾಹೇಬನ್ನ ಕರೆಸಿ ಕಲ್ಲು, ಇಟ್ಟಿಗೆ, ಕಬ್ಬಿಣ ಹಾಕಿ 1912ಕ್ಕೆ ಹೊಸದನ್ನೇ ಮುಗಿಸಿದ್ರು. ಇವತ್ತು ಜಗತ್ತೆಲ್ಲ ಅದನ್ನೇ ನೋಡೋಕೆ ಬರುತ್ತೆ. ಅವತ್ತಿನ ಹೊಸದೇ ಇವತ್ತಿನ ಹಳೇದು."

ಇದು ನಿಜ, ನಿಜವನ್ನು ಒಪ್ಪಿಕೊಂಡೇ ವಾದ ಮಾಡಬೇಕು. ನಾವು ಹೆಮ್ಮೆಪಡುವ ಮೈಸೂರು ಬಹುಮಟ್ಟಿಗೆ ಹಳೆಯದನ್ನು ಬಿಚ್ಚಿ ಕಟ್ಟಿದ ಊರೇ. ಪ್ಲೇಗು ಬಂದು ಹೋದ ಮೇಲೆ, 1903ರಲ್ಲಿ, ಇಲ್ಲಿ ನಗರಾಭಿವೃದ್ಧಿಗೆಂದೇ ಒಂದು ಮಂಡಳಿ ಹುಟ್ಟಿತು. ನಮ್ಮ ಹಿರಿಯರು ಸಿಐಟಿಬಿ ಅನ್ನುತ್ತಿದ್ದದ್ದು ಅದನ್ನೇ. ಗಾಳಿಬೆಳಕಿಲ್ಲದ ಗಲ್ಲಿಗಳು ಹೋಗಿ ಅಗಲ ರಸ್ತೆಗಳು, ಹೊಸ ಬಡಾವಣೆಗಳು ಬಂದವು. ಊರು ಬೆಳೆಯಬಾರದು ಅನ್ನುವ ಮಾತು ನನ್ನ ಬಾಯಲ್ಲಿ ಯಾವತ್ತೂ ಬಂದಿಲ್ಲ. 2011ರ ಜನಗಣತಿಯ ಹೊತ್ತಿಗೇ ಇಲ್ಲಿ 9 ಲಕ್ಷದ ಹತ್ತಿರ ಜನ ಇದ್ದರು. 2023ರ ಮಾರ್ಚಿನಲ್ಲಿ ಬೆಂಗಳೂರಿನ ಹೊಸ ಹೆದ್ದಾರಿ ಉದ್ಘಾಟನೆಯಾದ ಮೇಲೆ ಬರುವವರು ಇನ್ನೂ ಹೆಚ್ಚಿದ್ದಾರೆ. ಅವರಿಗೆಲ್ಲ ಮನೆ ಬೇಕು, ಚರಂಡಿ ಬೇಕು, ಬಸ್ಸು ಬೇಕು. ರಿಂಗ್ ರೋಡಿನ ಆಚೆ ಅಪಾರ್ಟ್‌ಮೆಂಟು ಎದ್ದರೆ ನನಗೆ ಯಾವ ಬೇಸರವೂ ಇಲ್ಲ.

ಆದರೆ ರಾಯರೇ, ಅರಮನೆಗೆ ಬೆಂಕಿ ಬಿತ್ತು. ಮಾರುಕಟ್ಟೆಗೆ ಬಿದ್ದದ್ದು ಬೆಂಕಿಯಲ್ಲ. ವರ್ಷವರ್ಷ ಸೋರಿತು, ಸೋರುವುದನ್ನು ಎಲ್ಲರೂ ನೋಡಿದರು. ಬಾಗಿಲ ಮುಂದೆ ಕೊಡೆ ಹಿಡಿದು ವ್ಯಾಪಾರ ಮಾಡಿದರು. ಯಾವಾಗ ಒಂದು ಬದಿ ಬಿತ್ತೋ ಆಗ ಸಮಿತಿ, ವರದಿ, ಹೈಕೋರ್ಟು ಎಲ್ಲ ಬಂದವು. ಒಬ್ಬ ತಜ್ಞರು ಕೆಡವಿ ಅಂದರು. ಪರಂಪರೆಯ ಕಟ್ಟಡಗಳ ಪರ ಕೆಲಸ ಮಾಡುವ ಇಂಟ್ಯಾಕ್‌ನವರು ಉಳಿಸಬಹುದು ಅಂದರು. ಅತ್ತ ವಾದ ಬೆಳೆಯಿತು, ಇತ್ತ ಮಳೆಗಾಲಗಳು ಒಂದರ ಹಿಂದೆ ಒಂದು ಬಂದು ಹೋದವು. ಆ ವಾದ ನಡೆಯುವಷ್ಟು ಕಾಲವೂ ತಾರಸಿಯ ಮೇಲಿನ ಸಸಿ ಬೆಳೆಯುತ್ತಲೇ ಇರುತ್ತದೆ. ಇದೇ ನನ್ನ ಹೊಟ್ಟೆಯುರಿ. ಕೆಡವುವ ಪಕ್ಷಕ್ಕೆ ಹತ್ತು ವರ್ಷ ಸುಮ್ಮನಿದ್ದರೂ ಗೆಲುವು. ಉಳಿಸುವ ಪಕ್ಷ ಒಂದು ಮಳೆಗಾಲ ಮೈಮರೆತರೆ ಸೋತಿತು.

"ದುಡ್ಡೆಲ್ಲಿಂದ ತರೋದು?" ಅಂದರು ರಾಯರು. "ಎಂಟುನೂರಕ್ಕೂ ಹೆಚ್ಚು ಮಳಿಗೆ. ಬಾಡಿಗೆ ತೀರಾ ಕಮ್ಮಿ. ಆ ಬಾಡಿಗೇಲಿ ಸುಣ್ಣ ಬಳಿಯೋಕೂ ಆಗಲ್ಲ."

ಬಾಡಿಗೆ ಹೆಚ್ಚಿಸಲಿ, ವ್ಯಾಪಾರಿಗಳನ್ನು ಕೂರಿಸಿಕೊಂಡು ಕೇಳಲಿ. ಆ ಹೆಚ್ಚಿದ ಹಣ ಬೇರೆ ಎಲ್ಲಿಗೂ ಹೋಗದ ಹಾಗೆ ಒಂದು ಪ್ರತ್ಯೇಕ ಖಾತೆ ಇರಲಿ. ವರ್ಷಕ್ಕೊಮ್ಮೆ ಎಷ್ಟು ಬಂತು, ಯಾವ ಸೂರಿಗೆ ಎಷ್ಟು ಹೋಯಿತು ಅಂತ ಚಿಕ್ಕ ಗಡಿಯಾರದ ಕಡೆಯ ಬಾಗಿಲಲ್ಲಿ ಒಂದು ಬೋರ್ಡು ಬರೆದು ಹಾಕಲಿ. ತನ್ನ ದುಡ್ಡು ತನ್ನ ತಲೆಯ ಮೇಲಿನ ಸೂರಿಗೇ ಹೋಗುತ್ತದೆ ಅಂತ ಕಂಡರೆ ಕೊಡದೆ ಇರುವ ವ್ಯಾಪಾರಿ ಕಡಿಮೆ. ನಮ್ಮಲ್ಲಿ ಆಗುತ್ತಿರುವುದು ಬೇರೆ. ಇಪ್ಪತ್ತು ವರ್ಷ ಮುಟ್ಟುವುದಿಲ್ಲ, ಆಮೇಲೆ ಒಂದೇ ಸಲ ಕೋಟಿಗಟ್ಟಲೆ ತಂದು ಸುರಿಯುತ್ತಾರೆ, ರಿಬ್ಬನ್ ಕತ್ತರಿಸುತ್ತಾರೆ, ಮತ್ತೆ ಇಪ್ಪತ್ತು ವರ್ಷ ಆ ಕಡೆ ತಲೆ ಹಾಕುವುದಿಲ್ಲ. ಮಾನಸಗಂಗೋತ್ರಿಯ ಜಯಲಕ್ಷ್ಮಿ ವಿಲಾಸವನ್ನೇ ನೋಡಿ. 1905ರ ಅರಮನೆ, ಈಗ ಜಾನಪದ ವಸ್ತುಸಂಗ್ರಹಾಲಯ. ಇನ್ಫೋಸಿಸ್ ಪ್ರತಿಷ್ಠಾನದ ನೆರವಿನಿಂದ ಒಮ್ಮೆ ಎಷ್ಟು ಚೆನ್ನಾಗಿ ರಿಪೇರಿಯಾಗಿತ್ತು. ಆಮೇಲೆ ಮತ್ತೆ ಸೋರಿತು, ಮತ್ತೆ ದೊಡ್ಡ ರಿಪೇರಿಗೆ ಕೈಯೊಡ್ಡುವ ಸ್ಥಿತಿ ಬಂತು. ಅದೇ ಊರಿನಲ್ಲಿ ದಿನವೂ ಜನ ಓಡಾಡುವ, ದಿನವೂ ಕಸ ಗುಡಿಸುವ ಹಳೇ ಕಟ್ಟಡಗಳು ಗಟ್ಟಿಯಾಗಿ ನಿಂತಿವೆ. ಹೋಟೆಲಾದ ಲಲಿತಮಹಲ್ ಇದೆ, ತಾಳೆಗರಿ ಕಾಯುವ ಪ್ರಾಚ್ಯವಿದ್ಯಾ ಸಂಶೋಧನಾಲಯ ಇದೆ.

ಮನಸ್ಸು ಮಾಡಿದರೆ ಎಂಜಿನಿಯರುಗಳು ಏನು ಮಾಡಬಲ್ಲರು ಅನ್ನುವುದಕ್ಕೆ ರಾಯರ ಮುಂದೆ ನಾನು ಇಡುವ ಸಾಕ್ಷಿ ಶ್ರೀರಂಗಪಟ್ಟಣದ್ದು. ರೈಲು ಮಾರ್ಗ ಜೋಡಿಯಾಗಬೇಕಿತ್ತು, ದಾರಿಯಲ್ಲಿ ಟಿಪ್ಪುವಿನ ಕಾಲದ ಮದ್ದಿನ ಮನೆ ಅಡ್ಡ ಇತ್ತು. ಒಡೆದು ಹಾಕುವುದು ಒಂದು ದಿನದ ಕೆಲಸ. 2017ರಲ್ಲಿ ಅದರ ಅಡಿಗೆ ಕಬ್ಬಿಣದ ತೊಲೆ ತೂರಿಸಿ, ಜಾಕಿ ಕೊಟ್ಟು ಎತ್ತಿ, ಸುಮಾರು 1,000 ಟನ್ ತೂಕದ ಇಡೀ ಕಟ್ಟಡವನ್ನು 130 ಮೀಟರಿನಷ್ಟು ದೂರ ಸರಿಸಿ ಇಟ್ಟರು. ರೈಲೂ ಓಡಿತು, ಕಟ್ಟಡವೂ ಉಳಿಯಿತು. ರಾಯರು ಆಗ ಅದನ್ನು ನೋಡಿ ಬಂದು, ಇಟ್ಟಿಗೆ ಒಂದೂ ಅಲುಗಲಿಲ್ಲ ಅಂತ ನಮ್ಮ ಬೀದಿಗೆಲ್ಲ ಹೇಳಿದ್ದರು. ಅವರ ಕಣ್ಣಿನ ಆ ಹೊಳಪು ನನಗೆ ಇನ್ನೂ ನೆನಪಿದೆ. ಬೆಂಗಳೂರಿನಲ್ಲೂ ಹಾಗೇ ಆಯಿತು. ಅಠಾರಾ ಕಚೇರಿಯನ್ನು 1980ರ ದಶಕದಲ್ಲಿ ಕೆಡವಲು ಹೊರಟಾಗ ಜನ ಕೋರ್ಟಿಗೆ ಹೋದರು, ಪತ್ರಿಕೆಗೆ ಬರೆದರು, ಬೀದಿಯಲ್ಲಿ ನಿಂತರು. ಅದಕ್ಕೇ 1868ರ ಆ ಕೆಂಪು ಕಟ್ಟಡ ಇಂದಿಗೂ ವಿಧಾನಸೌಧದ ಎದುರಿಗಿದೆ, ನ್ಯಾಯಾಲಯವೂ ಅದರಲ್ಲೇ ನಡೆಯುತ್ತಿದೆ.

ಈ ಮಧ್ಯೆ ಒಂದು ಮಾತು ಊರಿನಲ್ಲಿ ಓಡಾಡುತ್ತಿರುತ್ತದೆ. ಕೆಡವಿದರೂ ಹಳೆಯ ಮಾದರಿಯಲ್ಲೇ ಕಟ್ಟಿಕೊಡುತ್ತೇವೆ, ಅದೇ ಕಮಾನು, ಅದೇ ಬಣ್ಣ ಅನ್ನುತ್ತಾರೆ. ನನಗೆ ಕಮಾನಿನ ಚಿಂತೆಗಿಂತ ಕಮಾನಿನ ಕೆಳಗೆ ಕೂತವರ ಚಿಂತೆ ದೊಡ್ಡದು. ಬೆಳಗಿನ ಜಾವ ಆ ಮಾರುಕಟ್ಟೆಗೆ ಹೋದವರಿಗೆ ಗೊತ್ತು. ಮೂಟೆ ಬಿಚ್ಚಿ ಸೇವಂತಿಗೆ ಸುರಿಯುತ್ತಿರುತ್ತಾರೆ, ಕಾಕಡದ ರಾಶಿಯ ಪಕ್ಕದಲ್ಲಿ ಹೆಂಗಸರು ಮಾತಾಡುತ್ತಲೇ ಬಾಳೆನಾರಿನಲ್ಲಿ ಹೂ ಕಟ್ಟುತ್ತಿರುತ್ತಾರೆ. ಮೊಳ ಅಳೆಯುವಾಗ ಕೊನೆಗೆ ಎರಡು ಬೆರಳು ಹೆಚ್ಚಿಗೆ ಬಿಡುವ ಅಜ್ಜಿ ಇದ್ದಾರೆ. ಚಿಗುರೆಲೆಯವರು ಒದ್ದೆ ಗೋಣಿಯ ಮೇಲೆ ಎಲೆ ಜೋಡಿಸುತ್ತಾರೆ. ಕುಂಕುಮದವರ ತಟ್ಟೆಗಳಲ್ಲಿ ಬಣ್ಣ ಗೋಪುರ ಗೋಪುರವಾಗಿ ನಿಂತಿರುತ್ತದೆ. ನಂಜನಗೂಡು ರಸಬಾಳೆ ಯಾವ ದಿನ ಬರುತ್ತದೆ, ಯಾರ ಅಂಗಡಿಯಲ್ಲಿ ಕೇಳಬೇಕು ಅನ್ನುವುದು ಮನೆಮನೆಯ ಹೆಂಗಸರಿಗೆ ಗೊತ್ತು. ಕೆಡವುವ ಕೆಲಸ ಶುರುವಾದರೆ ಇವರೆಲ್ಲ ತಾತ್ಕಾಲಿಕ ಅಂತ ಯಾವುದೋ ಮೈದಾನದ ಶೆಡ್ಡಿಗೆ ಹೋಗಬೇಕು. ನಾಲ್ಕು ವರ್ಷವೋ ಆರು ವರ್ಷವೋ ಆದ ಮೇಲೆ ಹೊಸ ಕಟ್ಟಡಕ್ಕೆ ಹಿಂದಿರುಗುವವರು ಎಷ್ಟು ಜನ? ಹೂ ಕಟ್ಟುವ ಅಜ್ಜಿಗೆ ಅಲ್ಲಿ ನೆಲ ಸಿಗುತ್ತದೆಯೇ? ಆಕೆಯ ಹೆಸರು ಯಾವ ಕಾಗದದಲ್ಲೂ ಇಲ್ಲ. ಕಟ್ಟುವುದಾದರೆ ಈ ಪ್ರಶ್ನೆಗೆ ಮೊದಲು ಕಾಗದದ ಮೇಲೆ ಉತ್ತರ ಕೊಡಲಿ, ಒಂದೊಂದು ಭಾಗವಾಗಿ ಮಾಡಲಿ, ಇನ್ನೊಂದು ಭಾಗದಲ್ಲಿ ವ್ಯಾಪಾರ ನಡೆಯುತ್ತಿರಲಿ. ಇಷ್ಟನ್ನು ಕೇಳಿದರೆ ಅಭಿವೃದ್ಧಿಯ ವಿರೋಧಿ ಅನ್ನುತ್ತಾರೆ.

"ನಾನು ಹಾಗನ್ನಲ್ಲ," ಅಂದರು ರಾಯರು. "ಆದ್ರೆ ಟೀಚರಮ್ಮ, ಅದೇ ಅಜ್ಜಿ ತಲೆ ಮೇಲೆ ನಾಳೆ ಒಂದು ತೊಲೆ ಬಿದ್ರೆ?"

ಇದಕ್ಕೆ ನನ್ನ ಹತ್ತಿರ ಎದುರು ಮಾತಿಲ್ಲ, ಇರಬಾರದು ಕೂಡ. ಅಪಾಯ ಇರುವ ಕಡೆಯಿಂದ ಜನರನ್ನು ಇವತ್ತೇ ಎಬ್ಬಿಸಬೇಕು, ಆಸರೆಗೆ ಕಂಬ ಕೊಡಬೇಕು, ತಾರಸಿಯ ಸಸಿ ಬೇರುಸಮೇತ ತೆಗೆಸಬೇಕು. ಕೆಡವಲಿ, ಉಳಿಸಲಿ, ಎರಡಕ್ಕೂ ಈ ಕೆಲಸ ಬೇಕು. ಯಾವ ಸಮಿತಿಯ ವರದಿಗೂ ಕಾಯಬೇಕಾಗಿಲ್ಲ. ಇಲ್ಲಿಗೆ ಬಂದಾಗ ಮಾತ್ರ ನಾವಿಬ್ಬರೂ ಒಂದೇ ದನಿಯಲ್ಲಿ ಮಾತಾಡುತ್ತೇವೆ.

ಇಷ್ಟೆಲ್ಲ ಆದ ಮೇಲೆ ಅಕ್ಕ ಒಗೆದ ಬಟ್ಟೆಯ ಬುಟ್ಟಿ ಕೆಳಗಿಟ್ಟು ನಡುವೆ ಬಂದರು. "ಊರಿನ ಮಾರ್ಕೆಟ್ಟಿನ ವಿಚಾರ ಆಯ್ತಲ್ಲ, ಈಗ ನಮ್ಮನೇದು ಹೇಳಮ್ಮ. ಬಿಲ್ಡರ್ ಮೂರನೇ ಸಲ ಬಂದು ಹೋದ. ಎರಡು ಫ್ಲಾಟು, ಮೇಲೆ ದುಡ್ಡು ಅಂತಾನೆ. ಮಗ ಪುಣೆಯಲ್ಲಿ, ಮಗಳು ಸಿಂಗಪುರದಲ್ಲಿ. ಮಂಡಿ ನೋವು ಇಟ್ಕೊಂಡು ನಾನು ತಾರಸಿ ಹತ್ತಿ ಎಲೆ ತೆಗೀಲಾ?"

ಇಡೀ ಚರ್ಚೆಯಲ್ಲಿ ಗಟ್ಟಿಯಾದ ಪ್ರಶ್ನೆ ಇದೇ. ಸರ್ಕಾರದ ಕಟ್ಟಡಕ್ಕೆ ನಾವು ಬೋರ್ಡು ಕೇಳಬಹುದು, ಖಾತೆ ಕೇಳಬಹುದು. ಇಬ್ಬರೇ ವಯಸ್ಸಾದವರು ಇರುವ ಮನೆಗೆ ಏನು ಕೇಳುವುದು? ಈ ಮನೆಯ ಅಂದ ಇಡೀ ಬೀದಿಯದು, ರಿಪೇರಿ ಮಾತ್ರ ಇಬ್ಬರದು. ಇದು ನ್ಯಾಯವಲ್ಲ. ಹಳೇ ಮನೆ ಉಳಿಸಿಕೊಂಡವರಿಗೆ ಕಂದಾಯದಲ್ಲಿ ನಿಜವಾದ ರಿಯಾಯಿತಿ ಬೇಕು. ಕಟ್ಟದೆ ಬಿಟ್ಟ ಅಂತಸ್ತುಗಳ ಹಕ್ಕನ್ನು ಬೇರೆ ಕಡೆ ಕಟ್ಟುವವರಿಗೆ ಮಾರಲು ಬಿಡಬೇಕು. ರಸ್ತೆ ಅಗಲಿಸುವಾಗ ಜಾಗ ಬಿಟ್ಟವರಿಗೆ ಟಿಡಿಆರ್, ಅಂದರೆ ಬೇರೆ ಕಡೆ ಕಟ್ಟುವ ಹಕ್ಕು, ಕೊಡುವುದನ್ನು ನಾವು ಬಲ್ಲೆವು, ಹಾಗೆಯೇ ಇದು. ಮುಂಬೈ 1995ರಲ್ಲೇ ಪರಂಪರೆಯ ಕಟ್ಟಡಗಳಿಗೆ ನಿಯಮ ಮಾಡಿಕೊಂಡಿತು. ಇವೆಲ್ಲ ಇಲ್ಲಿ ಕೈಗೆ ಸಿಗುವ ತನಕ, ಮನೆ ಮಾರಿದ ಯಾವ ಹಿರಿಯರನ್ನೂ ನಾನು ಬೈಯಲಾರೆ.

ಅಕ್ಕನಿಗೆ ಹಾಗೇ ಹೇಳಿದೆ. ಸಹಿ ಹಾಕುವ ಮುಂಚೆ ಒಂದು ಕೆಲಸ ಮಾಡಿ ಅಂತಲೂ ಕೇಳಿಕೊಂಡೆ. ನಂಜನಗೂಡಿನ ಕಡೆಯ ಒಬ್ಬ ಗಾರೆ ಮೇಸ್ತ್ರಿ ಇದ್ದಾರೆ, ನನ್ನ ಹಳೆಯ ವಿದ್ಯಾರ್ಥಿಯ ತಂದೆ. ತೊಲೆಯ ಕೊಳೆತ ತುದಿಯನ್ನಷ್ಟೇ ಕತ್ತರಿಸಿ ಹೊಸ ತೇಗ ಬೆಸೆಯುವುದು ಅವರಿಗೆ ಗೊತ್ತು. ಅವರು ಬಂದು ನೋಡಿ, ಎಷ್ಟು ಖರ್ಚು ಅಂತ ಬರೆದುಕೊಡಲಿ. ಕೆಳಗಿನ ಅರ್ಧ ಮನೆ ಬಾಡಿಗೆಗೆ ಕೊಟ್ಟರೆ ಅದು ಎಷ್ಟು ವರ್ಷದಲ್ಲಿ ತೀರುತ್ತದೆ ಅನ್ನುವ ಲೆಕ್ಕ ರಾಯರೇ ಹಾಕಲಿ.

ರಾಯರು ತಕ್ಷಣ ಹೂಂ ಅನ್ನಲಿಲ್ಲ. ತೊಲೆ ಬೆಸೆಯುವಾಗ ಆಸರೆ ಎಲ್ಲಿ ಕೊಡುತ್ತಾರೆ, ಎಷ್ಟು ಅಡಿಗೊಂದು ಕೊಡುತ್ತಾರೆ ಅಂತ ಕೇಳಿದರು. ನನಗೆ ಗೊತ್ತಿಲ್ಲ, ಮೇಸ್ತ್ರಿಯನ್ನೇ ಕೇಳಿ ಅಂದೆ. ಭಾನುವಾರ ಮಗ ಬರುತ್ತಾನಂತೆ, ಅವನ ಎದುರಿಗೇ ಕರೆಸಿ ಅಂದರು. ಬಿಲ್ಡರ್ ಕೊಟ್ಟ ಕಾಗದ ಬೀರುವಿನಲ್ಲೇ ಇದೆ. ಮೇಸ್ತ್ರಿಯ ಅಂದಾಜು ಬಂದ ಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡೋಣ ಅಂತ ಅಕ್ಕ ಹೇಳಿ, ಬುಟ್ಟಿ ಎತ್ತಿಕೊಂಡು ಒಳಗೆ ಹೋದರು. ರಾಯರು ಮತ್ತೆ ಮಾರುಕಟ್ಟೆಯ ವಿಷಯಕ್ಕೇ ಬಂದರು. ಆ ಬೋರ್ಡು ಚಿಕ್ಕ ಗಡಿಯಾರದ ಬಾಗಿಲಿಗಿಂತ ಧನ್ವಂತರಿ ರಸ್ತೆಯ ಕಡೆಗಿದ್ದರೆ ಹೆಚ್ಚು ಜನ ನೋಡುತ್ತಾರೆ ಅನ್ನುವುದು ಅವರ ವಾದ.